ಮೊಣಕಾಲ ಕೀಲುನೋವು: ಅದರ ಕಾರಣವೂ ಉಪಚಾರವೂ

ನಮ್ಮ ಗ್ರಾಮಗಳಲ್ಲಿ ಐವತ್ತು ವರುಷ ದಾಟಿದ ಅನೇಕರು, ವಿಶೇಷವಾಗಿ ಸ್ತ್ರೀಯರು, ನೆಲದಿಂದ ಏಳುವಾಗಲೂ ಮೆಟ್ಟಲು ಇಳಿಯುವಾಗಲೂ ಮೊಣಕಾಲನ್ನು ಹಿಡಿದುಕೊಂಡು ನರಳುವದನ್ನು ದಿನಾಲೂ ಕಾಣುತ್ತೇವೆ. “ಬಂಡಿಯ ಅಚ್ಚಿನಂತೆ ಕೀಲು ಸವೆದುಹೋಯಿತು, ಇನ್ನು ಮೂಲೆಯಲ್ಲಿ ಕುಳಿತಿರುವದೇ ಗತಿ” ಎಂದು ಅವರು ಹೇಳಿಕೊಳ್ಳುವದುಂಟು. ಈ ಮಾತಿನಲ್ಲಿ ಅರ್ಧ ಸತ್ಯವೂ ಅರ್ಧ ತಪ್ಪೂ ಇದೆ; ಆ ತಪ್ಪಿನಿಂದಲೇ ಅನೇಕರು ನಡೆಯುವ ಶಕ್ತಿಯನ್ನು ಕಾಲಕ್ಕೆ ಮುಂಚೆ ಕಳಕೊಳ್ಳುತ್ತಾರೆ. ಆದಕಾರಣ ಈ ವಿಷಯವನ್ನು ಕ್ರಮವಾಗಿ ವಿಚಾರಿಸೋಣ.

1. ಕೀಲಿನ ರಚನೆ. ತೊಡೆಯ ಎಲುಬು, ಕಣಕಾಲಿನ ದೊಡ್ಡ ಎಲುಬು, ಮುಂದಿನ ಚಿಪ್ಪು ಎಂಬ ಮೂರೂ ಮೊಣಕಾಲಿನಲ್ಲಿ ಕೂಡುತ್ತವೆ. ಎಲುಬುಗಳ ತುದಿಗಳಿಗೆ ಮೃದ್ವಸ್ಥಿಯೆಂಬ ನುಣುಪಾದ ಹೊದಿಕೆಯುಂಟು. ನಡುವೆ ಲೋಳೆಯಂಥ ದ್ರವವಿರುವದು. ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ. ಹಾಗಾದರೆ ಅದಕ್ಕೆ ಪೋಷಣೆಯು ಎಲ್ಲಿಂದ? ನೀರಿನಲ್ಲಿ ಬಟ್ಟೆಯನ್ನು ಹಿಂಡಿ ಬಿಟ್ಟಂತೆ, ಕಾಲೂರಿದಾಗ ಅದು ಹಿಂಡಲ್ಪಟ್ಟು, ಕಾಲೆತ್ತಿದಾಗ ಆ ದ್ರವವನ್ನು ಹೀರಿಕೊಳ್ಳುತ್ತದೆ. ಬಂಡಿಯ ಅಚ್ಚು ತಿರುಗಿದಷ್ಟೂ ಸವೆಯುವದು. ಮೊಣಕಾಲಾದರೋ ಮಿತವಾದ ಚಲನೆಯಿಂದಲೇ ಪೋಷಣೆ ಹೊಂದುವದು.

2. ರೋಗವೂ ಅದರ ಕಾರಣಗಳೂ. ವೈದ್ಯರು ಇದನ್ನು ಆಸ್ಟಿಯೋ ಆರ್ಥ್ರೈಟಿಸ್ ಎನ್ನುತ್ತಾರೆ. ಮೃದ್ವಸ್ಥಿಯು ತೆಳ್ಳಗಾಗಿ ಒರಟಾಗುವದು, ಎಲುಬಿನ ಅಂಚು ಬೆಳೆಯುವದು, ಒಳಪೊರೆ ಬಾತುಕೊಳ್ಳುವದು, ತೊಡೆಯ ಸ್ನಾಯು ಬಲಗುಂದುವದು. ವಯಸ್ಸು, ಮೈಭಾರ, ಹಿಂದೆ ಬಿದ್ದ ಪೆಟ್ಟು, ವಂಶದ ಗುಣ, ಬಹುಕಾಲ ಕುಕ್ಕರಗಾಲಿನಲ್ಲಿ ಕುಳಿತು ಭಾರವಾದ ಕೆಲಸ ಮಾಡುವದು, ಇವು ಕಾರಣಗಳು. ಇದು ಮಾಟದ ಫಲವೂ ಅಲ್ಲ, ಯಾರ ಶಾಪವೂ ಅಲ್ಲ.

3. ಗುರುತುಗಳು. ಕೆಲಸದಿಂದ ನೋವು ಹೆಚ್ಚುವದು, ವಿಶ್ರಾಂತಿಯಿಂದ ತಗ್ಗುವದು. ಬೆಳಿಗ್ಗೆ ಕಾಲು ಬಿಗಿದಿದ್ದರೂ ಸಾಮಾನ್ಯವಾಗಿ ಅರ್ಧ ಗಳಿಗೆಯಿಂದ ಅರ್ಧ ತಾಸಿನೊಳಗೆ ಸಡಿಲಾಗುವದು. ಬಗ್ಗಿಸುವಾಗ ಕಟಕಟ ಶಬ್ದವಾಗಬಹುದು. ಆದರೆ ಕೀಲು ಒಮ್ಮೆಲೇ ಕೆಂಪೇರಿ ಬಿಸಿಯಾಗಿ ಜ್ವರ ಬಂದರೆ, ಇಲ್ಲವೆ ಬೆರಳುಗಳ ಕೀಲುಗಳೂ ಬಾತು ಬೆಳಗಿನ ಬಿಗಿತವು ತಾಸುಗಟ್ಟಲೆ ನಿಂತರೆ, ಅದು ಬೇರೆ ರೋಗವಾಗಿರಬಹುದು. ತಡಮಾಡದೆ ವೈದ್ಯರ ಬಳಿಗೆ ಹೋಗತಕ್ಕದ್ದು.

4. ಮನೆಯಲ್ಲಿ ಮಾಡತಕ್ಕದ್ದು. ಮೊದಲನೆಯದು ವ್ಯಾಯಾಮ. ಕುರ್ಚಿಯ ಮೇಲೆ ಕುಳಿತು ಒಂದು ಕಾಲನ್ನು ನೆಟ್ಟಗೆ ಚಾಚಿ, ಐದು ಎಣಿಸುವ ತನಕ ಹಿಡಿದು, ಮೆಲ್ಲನೆ ಇಳಿಸಬೇಕು. ಒಂದೊಂದು ಕಾಲಿಗೆ ಹತ್ತು ಸಾರಿ, ದಿನಕ್ಕೆ ಎರಡಾವರ್ತಿ. ಸಮನೆಲದ ಮೇಲೆ ನಡೆಯುವದೂ ಒಳ್ಳೇದು. ಸ್ವಲ್ಪ ನೋವಾದರೆ ಹೆದರಬಾರದು. ಹೆಚ್ಚಿದ ನೋವು ಮರುದಿನಕ್ಕೂ ಉಳಿದರೆ ಕಡಮೆ ಮಾಡಬೇಕು. ಎರಡನೆಯದು, ದಪ್ಪವಾಗಿರುವವರು ತೂಕ ಇಳಿಸುವದು. ಮೈತೂಕ 1 ಕಿಲೋ ಇಳಿದರೆ ಪ್ರತಿಯೊಂದು ಹೆಜ್ಜೆಯಲ್ಲಿ ಮೊಣಕಾಲಿನ ಮೇಲಣ ಭಾರವು ಸುಮಾರು 4 ಕಿಲೋ ಇಳಿಯುತ್ತದೆಂದು ಅಮೇರಿಕದಲ್ಲಿ 2005ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ತಿಳಿದುಬಂತು. ಮೂರನೆಯದು ಊರುಗೋಲು. ಬಲಗಾಲು ನೋಯುವವರು ಅದನ್ನು ಎಡಗೈಯಲ್ಲಿ ಹಿಡಿಯಬೇಕು. ಅಡಿಗೆಯನ್ನು ಎತ್ತರದ ಕಟ್ಟೆಯ ಮೇಲೆ ಮಾಡುವದೂ, ಮೊಣಕಾಲೂರಲಾರದವರು ಕುಳಿತು ಪ್ರಾರ್ಥಿಸುವದೂ ನಾಚಿಕೆಯ ಸಂಗತಿಯಲ್ಲ.

5. ಔಷಧಗಳು. ನೋವಿಗೆ ಹಚ್ಚುವ ಡೈಕ್ಲೋಫೆನಾಕ್ ಮುಲಾಮು ಅನೇಕರಿಗೆ ಉಪಶಮನ ಕೊಡುವದು. ನುಂಗುವ ನೋವಿನ ಗುಳಿಗೆಗಳನ್ನು ವೈದ್ಯರ ಮಾತಿನಂತೆ ಸ್ವಲ್ಪ ದಿನ ಮಾತ್ರ ತೆಗೆದುಕೊಳ್ಳಬೇಕು. ಬಹುಕಾಲ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣೂ ಮೂತ್ರಪಿಂಡಕ್ಕೆ ಕೇಡೂ ಆಗಬಹುದು. ಸಂತೆಯಲ್ಲಿ ಮಾರುವ ಹೆಸರಿಲ್ಲದ ಪುಡಿಗಳಿಂದ ದೂರವಿರಿ. ಕೆಲವದರಲ್ಲಿ ಸ್ಟೀರಾಯ್ಡ್ ಬೆರೆಸಿರುವದರಿಂದ ನೋವು ಬೇಗ ಅಡಗುವದು. ಆದರೆ ಕ್ರಮೇಣ ಸಕ್ಕರೆ ರೋಗ ತಲೆದೋರಿ ಎಲುಬುಗಳು ಟೊಳ್ಳಾಗಬಹುದು. ಕಾಯಿಸಿದ ಕಬ್ಬಿಣದಿಂದ ಬರೆ ಹಾಕಿಸುವದು ಹುಣ್ಣನ್ನಲ್ಲದೆ ಗುಣವನ್ನು ತಾರದು.

6. ಶಸ್ತ್ರಕ್ರಿಯೆ. ಕೊಳವೆ ತೂರಿಸಿ ಕೀಲನ್ನು ತೊಳೆಯುವ ಕ್ರಿಯೆಯನ್ನು ಅಮೇರಿಕದ ಹ್ಯೂಸ್ಟನ್ ಪಟ್ಟಣದಲ್ಲಿ 180 ಮಂದಿಯಲ್ಲಿ ಪರೀಕ್ಷಿಸಿದರು. ಕೆಲವರಿಗೆ ಚರ್ಮವನ್ನು ಮಾತ್ರ ಕೊಯ್ದು ಹೊಲಿದರು. ಎರಡು ವರುಷಗಳ ತರುವಾಯವೂ ಅವರಿಗೂ ಮಿಕ್ಕವರಿಗೂ ಭೇದ ಕಾಣಲಿಲ್ಲವೆಂದು 2002ರಲ್ಲಿ ಪ್ರಕಟವಾಯಿತು. ಮಿಕ್ಕ ಉಪಚಾರಗಳೆಲ್ಲಾ ಸೋತು, ನಿದ್ರೆಯೂ ನಡೆಯೂ ಕೆಟ್ಟವರಿಗೆ ಕೃತಕ ಕೀಲನ್ನು ಜೋಡಿಸುವ ಶಸ್ತ್ರಕ್ರಿಯೆಯು ದೊಡ್ಡ ಸಹಾಯ. ಆ ಕೀಲಿನ ಬೆಲೆಗೆ ಭಾರತ ಸರಕಾರವು 2017ರ ಆಗಸ್ಟಿನಲ್ಲಿ ಮಿತಿ ವಿಧಿಸಿತು. ಖರ್ಚನ್ನು ಮುಂದಾಗಿ ವಿಚಾರಿಸಿಕೊಳ್ಳಿರಿ.

ಈ ಪಾಠವನ್ನು ಓದಲಾರದ ಹಿರಿಯರಿಗೆ ಮನೆಯವರು ಓದಿ ಹೇಳಿ, ಬಳಿಕ ಈ ಪ್ರಶ್ನೆಗಳನ್ನು ಕೇಳಲಿ:

ಮೊಣಕಾಲು ಬಂಡಿಯ ಅಚ್ಚಿನಂಥದಲ್ಲವೇಕೆ?
ಊರುಗೋಲನ್ನು ಯಾವ ಕೈಯಲ್ಲಿ ಹಿಡಿಯಬೇಕು?
ಸಂತೆಯ ಪುಡಿಯಿಂದ ಬರುವ ಕೇಡು ಯಾವದು?
ಇಂದು ಕಾಲನ್ನು ಎಷ್ಟು ಸಾರಿ ಚಾಚಿದಿರಿ?