ಮಗುವಿನ ಕಾಮಾಲೆ ಎರಡು ವಾರ ದಾಟಿದರೆ...

ನಾನು ಕಾಮರ್ಸ್ ವಿದ್ಯಾರ್ಥಿನಿ. ಜೀವಶಾಸ್ತ್ರವನ್ನು ಹತ್ತನೇ ತರಗತಿಗೇ ಬಿಟ್ಟವಳು. ಆದರೂ ಈ ಲೇಖನ ಬರೆಯಲು ಕಾರಣ ನನ್ನ ಆಪಾಳ ಮಗಳು.

ಕಳೆದ ವರ್ಷ ಹೆರಿಗೆಗೆಂದು ಆಪಾ ಕಾಮಾಕ್ಷಿಪಾಳ್ಯದ ನಮ್ಮ ಮನೆಗೆ ಬಂದಿದ್ದಳು. ಮಗು ಹುಟ್ಟಿದ ಮೂರನೇ ದಿನ ಕಣ್ಣು ಹಳದಿಯಾಯಿತು. "ಪೀಲಿಯಾ ಎಲ್ಲಾ ಮಕ್ಕಳಿಗೂ ಬರುತ್ತೆ, ಬೆಳಗಿನ ಬಿಸಿಲಿಗೆ ಹಿಡಿಯಿರಿ" ಎಂದರು ನಾನಿ. ಅಮ್ಮಿ ಒಂದು ಕ್ಲಿನಿಕ್‌ನಲ್ಲಿ ವಿಚಾರಿಸಿದಾಗ ಅಲ್ಲೂ ಅದನ್ನೇ ಹೇಳಿದರು. ಮಗು ಚೆನ್ನಾಗಿ ಹಾಲು ಕುಡಿಯುತ್ತಿತ್ತು. 28ನೇ ದಿನ ಮನೆಗೆ ಬಂದ ಆಶಾ ಕಾರ್ಯಕರ್ತೆ ಬಟ್ಟೆಯ ಮೇಲಿನ ಬಿಳಿಚಿದ ಮಲ ನೋಡಿ, "ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಿ" ಎಂದರು. ನಮ್ಮಲ್ಲಿ ಬಾಣಂತಿ, ಮಗು ಚಿಲ್ಲಾದ 40 ದಿನ ಹೊರಗೆ ಹೋಗುವುದಿಲ್ಲ. ಚಿಲ್ಲಾ ಮುಗಿಯಲಿ ಎಂದು ಕಾದೆವು. ಆ 12 ದಿನಗಳ ಬೆಲೆ ನಮಗೆ ಆಮೇಲೆ ತಿಳಿಯಿತು.

ಪಿತ್ತನಾಳದ ಕೆಲಸ

ಯಕೃತ್ತು ಪಿತ್ತರಸವನ್ನು ತಯಾರಿಸುತ್ತದೆ. ಅದು ಪಿತ್ತನಾಳಗಳ ಮೂಲಕ ಕರುಳಿಗೆ ಬಂದು ಕೊಬ್ಬನ್ನು ಜೀರ್ಣಿಸಲು ನೆರವಾಗುತ್ತದೆ. ಮಲಕ್ಕೆ ಬಣ್ಣ ಬರುವುದೂ ಇದರಿಂದಲೇ. ಅಬ್ಬಾ ಲೇತ್ ಕೆಲಸದವರು. "ಪೈಪು ಕಟ್ಟಿಕೊಂಡರೆ ಮೊದಲು ಹಾಳಾಗೋದು ಮಷೀನು" ಎಂದು ಅವರು ಹೇಳಿದ್ದು ಇಲ್ಲಿಗೂ ಸರಿಹೊಂದುತ್ತದೆ.

ನಾಳ ಮುಚ್ಚಿಹೋದರೆ

ಆಪಾಳ ಮಗುವಿಗೆ ಇದ್ದದ್ದು ಬಿಲಿಯರಿ ಅಟ್ರೇಸಿಯಾ. ಇದರಲ್ಲಿ ಯಕೃತ್ತಿನ ಹೊರಗಿನ ಪಿತ್ತನಾಳ ಮುಚ್ಚಿಹೋಗಿರುತ್ತದೆ. ಪಿತ್ತರಸ ಯಕೃತ್ತಿನಲ್ಲೇ ನಿಂತು ಅದನ್ನು ಗಟ್ಟಿಗೊಳಿಸುತ್ತದೆ. ಇದಕ್ಕೆ ಸಿರೋಸಿಸ್ ಎನ್ನುತ್ತಾರೆ. ಬಿಸಿಲಿನಿಂದ ಈ ಕಾಮಾಲೆ ಹೋಗುವುದಿಲ್ಲ.

1950ರ ದಶಕದಲ್ಲಿ ಜಪಾನಿನ ಮೊರಿಯೊ ಕಸಾಯ್ ಎಂಬ ವೈದ್ಯರು ಇದಕ್ಕೆ ಶಸ್ತ್ರಚಿಕಿತ್ಸೆ ಕಂಡುಹಿಡಿದರು. ಹಾಳಾದ ನಾಳ ತೆಗೆದು, ಕರುಳಿನ ಒಂದು ಭಾಗವನ್ನು ನೇರವಾಗಿ ಯಕೃತ್ತಿಗೆ ಜೋಡಿಸುತ್ತಾರೆ. ಮಗುವಿಗೆ 60 ದಿನ ತುಂಬುವ ಮೊದಲೇ ಮಾಡಿದರೆ ಫಲ ಹೆಚ್ಚು. ಚಿಲ್ಲಾ ಮುಗಿಸಿ ಹೊರಟರೆ ಉಳಿಯುವುದು 20 ದಿನ ಮಾತ್ರ! ಅಷ್ಟರಲ್ಲೇ ರಕ್ತಪರೀಕ್ಷೆ, ಸ್ಕ್ಯಾನಿಂಗ್, ಬಯಾಪ್ಸಿ ಎಲ್ಲಾ ಆಗಬೇಕು. ನಮ್ಮ ಮಗುವಿಗೆ 53ನೇ ದಿನ ಆಪರೇಷನ್ ಆಯಿತು.

ಆಪರೇಷನ್ ಆದ ಮೇಲೂ ನಾಳದಲ್ಲಿ ಸೋಂಕು, ಜ್ವರ ಬರಬಹುದು. ಯಕೃತ್ತು ಸೋತರೆ ಕಸಿ ಬೇಕಾಗುತ್ತದೆ. 1998ರಲ್ಲಿ ದೆಹಲಿಯಲ್ಲಿ ಭಾರತದಲ್ಲಿ ಮಕ್ಕಳಿಗೆ ಮಾಡಿದ ಮೊದಲ ಯಶಸ್ವಿ ಯಕೃತ್ತು ಕಸಿ ನಡೆದದ್ದು ಇದೇ ಕಾಯಿಲೆಯ ಒಂದು ಮಗುವಿಗೆ. ಆ ಮಗು ಬೆಳೆದು ಡಾಕ್ಟರಾಗಿದೆ.

ನಾಳ ಉಬ್ಬಿದರೆ

ಇನ್ನೊಂದು ದೋಷ ಕೊಲೆಡೋಕಲ್ ಸಿಸ್ಟ್. ಇಲ್ಲಿ ನಾಳ ಬಲೂನಿನಂತೆ ಉಬ್ಬಿರುತ್ತದೆ. ಹುಡುಗಿಯರಲ್ಲಿ ಹೆಚ್ಚು, ಏಷ್ಯಾದಲ್ಲೂ ಹೆಚ್ಚು. ಹೊಟ್ಟೆನೋವು, ಕಾಮಾಲೆ, ಹೊಟ್ಟೆಯ ಬಲಗಡೆ ಗಂಟು ಇದರ ಲಕ್ಷಣಗಳು. ಮೂರೂ ಒಟ್ಟಿಗೇ ಕಾಣಬೇಕೆಂದಿಲ್ಲ. ಎಷ್ಟೋ ಮಂದಿಗೆ ದೊಡ್ಡವರಾದ ಮೇಲೆ ಗೊತ್ತಾಗುತ್ತದೆ. ಹಾಗೇ ಬಿಟ್ಟರೆ ಸೋಂಕು, ಕಲ್ಲು, ಮೇದೋಜೀರಕ ಗ್ರಂಥಿಯ ಉರಿಯೂತ, ಮುಂದೆ ಕ್ಯಾನ್ಸರ್ ಕೂಡ ಬರಬಹುದು. ಆದ್ದರಿಂದ ಉಬ್ಬಿದ ಭಾಗವನ್ನು ಪೂರ್ತಿ ತೆಗೆಯುತ್ತಾರೆ.

ನೆನಪಿಡಿ

1. ಕಾಮಾಲೆ ಎರಡು ವಾರ ದಾಟಿದರೆ ಮಕ್ಕಳ ವೈದ್ಯರಿಗೆ ತೋರಿಸಿ.
2. ಮಲ ಸುಣ್ಣದಂತೆ ಬಿಳಿಚಿದ್ದರೆ, ಮೂತ್ರ ಸುಲೈಮಾನಿ ಚಹಾದಂತಿದ್ದರೆ ಒಂದು ದಿನವೂ ಕಾಯಬೇಡಿ.
3. ಒಟ್ಟು ಬಿಲಿರುಬಿನ್ ಜೊತೆಗೆ ಡೈರೆಕ್ಟ್ ಬಿಲಿರುಬಿನ್ ಎಷ್ಟಿದೆ ಎಂದೂ ಕೇಳಿ.
4. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸರ್ಕಾರಿ ನೆರವಿನ ಮಕ್ಕಳ ಆಸ್ಪತ್ರೆ. ಅಲ್ಲಿ ಮಕ್ಕಳ ಶಸ್ತ್ರಚಿಕಿತ್ಸಾ ವಿಭಾಗವಿದೆ.

ತೈವಾನ್‌ನಲ್ಲಿ 2004ರಿಂದ ಪ್ರತಿ ಮಗುವಿನ ಆರೋಗ್ಯ ಪುಸ್ತಕದಲ್ಲಿ ಮಲದ ಬಣ್ಣಗಳ ಚಿತ್ರ ಕೊಡುತ್ತಾರೆ. ತಾಯಿಯೇ ಹೋಲಿಸಿ ನೋಡಬಹುದು. ಒಂದು ಬಣ್ಣದ ಹಾಳೆಗೆ ತಗಲುವ ಖರ್ಚೆಷ್ಟು, ಯಕೃತ್ತು ಕಸಿಗೆ ತಗಲುವ ಖರ್ಚೆಷ್ಟು? ಈ ಲೆಕ್ಕ ಹಾಕಲು ಕಾಮರ್ಸ್ ಓದಬೇಕಿಲ್ಲ.

ನಮ್ಮ ಮಗುವಿನ ಕಣ್ಣು ಈಗ ಬೆಳ್ಳಗಿದೆ. ಒಮ್ಮೆ ಜ್ವರ ಬಂದು ಮತ್ತೆ ಆಸ್ಪತ್ರೆಗೆ ಸೇರಿಸಿದ್ದೆವು. ಮುಂದೇನೆಂದು ಡಾಕ್ಟರೂ ಈಗಲೇ ಹೇಳುವುದಿಲ್ಲ. ನಮ್ಮ ಬೀದಿಯಲ್ಲಿ ಯಾರಿಗೆ ಹೆರಿಗೆಯಾದರೂ ನಾನಿ ಈಗ ಕೇಳುವ ಮೊದಲ ಮಾತು, "ಮಲದ ಬಣ್ಣ ನೋಡಿದಿರಾ?" ನೀವೂ ನಿಮ್ಮ ಮನೆಯಲ್ಲಿ ಕೇಳಿ.