ಅಶ್ವತ್ಥರ ದನಿಯಲ್ಲಿ ಶರೀಫರ ಪದ

1939ರ ಡಿಸೆಂಬರ್ 29ರಂದು ಚನ್ನರಾಯಪಟ್ಟಣದಲ್ಲಿ ಜನಿಸಿದ ಸಿ. ಅಶ್ವತ್ಥರು 2009ರಲ್ಲಿ ಅದೇ ದಿನಾಂಕದಂದು ನಿಧನರಾದರು. ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ಅವರು ರಂಗಗೀತೆ, ಭಾವಗೀತೆಗಳಿಗೆ ರಾಗ ಸಂಯೋಜಿಸಿದರು. ‘ಕಾಕನಕೋಟೆ’ (1977), ‘ನಾಗಮಂಡಲ’ (1997) ಮೊದಲಾದ ಚಿತ್ರಗಳಿಗೆ ಸಂಗೀತವಿತ್ತರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಕಾರ್ಯಕ್ರಮ ನಡೆದಾಗ ಅವರಿಗೆ ಅರವತ್ತೈದು ದಾಟಿತ್ತು. ಈ ದೀರ್ಘ ಪಯಣದಲ್ಲಿ ಸಾಹಿತ್ಯದ ವಿದ್ಯಾರ್ಥಿ ತಡೆದು ನಿಲ್ಲಬೇಕಾದ ತಾಣ ಶಿಶುನಾಳ ಶರೀಫರ ತತ್ವಪದಗಳು.

ಮರಾಠಿಯ ‘ಗೀತರಾಮಾಯಣ’ವನ್ನು ನೆನೆಯಬಹುದು. 1955–56ರಲ್ಲಿ ಪುಣೆ ಆಕಾಶವಾಣಿಗಾಗಿ ಗ. ದಿ. ಮಾಡಗೂಳಕರರು ಬರೆದರು, ಸುಧೀರ ಫಡಕೆಯವರು ರಾಗ ಹಾಕಿದರು. ಕವಿ, ಗಾಯಕ ಇಬ್ಬರೂ ಸಮಕಾಲೀನರು. ಅಶ್ವತ್ಥರ ಸ್ಥಿತಿ ಹಾಗಲ್ಲ. ಶರೀಫರು (1819–1889) ಗತಿಸಿ ಶತಮಾನವೇ ಸಮೀಪಿಸಿತ್ತು. ಪದಗಳು ಉತ್ತರ ಕರ್ನಾಟಕದ ಭಜನಾಮೇಳಗಳಲ್ಲಿ, ಏಕತಾರಿಯ ಶ್ರುತಿಗೆ, ಊರಿಗೊಂದು ಧಾಟಿಯಲ್ಲಿ ಬದುಕಿದ್ದವು. ಧ್ವನಿಸುರುಳಿಗಳೂ ‘ಸಂತ ಶಿಶುನಾಳ ಶರೀಫ’ (1990) ಚಿತ್ರವೂ ಅವನ್ನು ನಾಡಿಗೆಲ್ಲ ಹಬ್ಬಿಸಿದವು. ಹಳೆಯ ಮೈಸೂರಿನ ಗಾಯಕರೊಬ್ಬರು ಧಾರವಾಡ ಸೀಮೆಯ ಆಡುಮಾತಿನ ರೂಪಗಳನ್ನು ತಿದ್ದದೆ, ತುಂಬು ಕಂಠದಲ್ಲಿ, ಏರುಶ್ರುತಿಯಲ್ಲಿ ಹಾಡಿದ್ದು ಸಣ್ಣ ಸಂಗತಿಯಲ್ಲ. ಅಷ್ಟೇ ನಿಜವಾದ ಮಾತೆಂದರೆ, ಬಹುಪಾಲು ಕೇಳುಗರಿಗೆ ಒಂದು ಪದಕ್ಕೆ ಒಂದೇ ಧಾಟಿ ಉಳಿಯಿತು.

‘ಕೋಡಗನ ಕೋಳಿ ನುಂಗಿತ್ತ’ ಇದಕ್ಕೆ ತಕ್ಕ ನಿದರ್ಶನ. ಒಂದನ್ನೊಂದು ನುಂಗುವ ವಸ್ತುಗಳ ಸಾಲಿನಲ್ಲಿ ಮಗ್ಗವೂ ಬರುತ್ತದೆ, ಲಾಳಿಯೂ ಬರುತ್ತದೆ. ಮಗ್ಗದ ಸದ್ದಿನಲ್ಲೇ ಬೆಳೆದ ಸೋಮನೂರಿನ ವಿದ್ಯಾರ್ಥಿಗೆ ಇವಕ್ಕೆ ಅರ್ಥಕೋಶ ಬೇಡ. ಮಗ್ಗದೊಳಗೆ ಓಡಾಡುವ ಪುಟ್ಟ ಲಾಳಿ ಮಗ್ಗವನ್ನೇ ನುಂಗುವುದು ಎಂಥ ವಿಪರೀತವೆಂದು ನೇಕಾರರ ಮನೆಯವರಿಗೆ ತಟ್ಟನೆ ಹೊಳೆದೀತು. ಇದು ಬೆಡಗು, ಅಲ್ಲಮನ ವಚನಗಳಿಗೆ ನೆಂಟಸ್ತನವುಳ್ಳ ಮಾತಿನ ಬಗೆ. ಅಶ್ವತ್ಥರ ಕುಣಿಸುವ ಲಯದಲ್ಲಿ ಅದು ಮೊದಲು ವಿನೋದವಾಗಿಯೇ ಕೇಳಿಸುತ್ತದೆ. (ತರಗತಿಯಲ್ಲಿ ಈ ಪದ ಬಂದಾಗ ಮೇಜು ಬಡಿಯದ ಕೈಗಳು ವಿರಳ!) ಆದರೆ ಕೊನೆಯಲ್ಲಿ ಗುರು ಗೋವಿಂದರ ಪಾದ ನುಂಗುವುದು ಆತ್ಮವನ್ನು. ಅಲ್ಲಿಗೆ ಬಂದಾಗ ಹಿಂದಿನ ನುಂಗುಗಳೆಲ್ಲ ಬೇರೆಯೇ ಆಗಿಬಿಡುತ್ತವೆ: ಸಣ್ಣದು ದೊಡ್ಡದನ್ನು ನುಂಗುವ ತಮಾಷೆಯು ‘ನಾನು’ ಎಂಬುದು ಇಲ್ಲವಾಗುವ ಕ್ರಮವಾಗಿ ತೋರುತ್ತದೆ. ಧಾಟಿ ಮಾತ್ರ ಮೊದಲ ಸಾಲಿನ ಉಲ್ಲಾಸದಲ್ಲೇ ಸಾಗಿರುತ್ತದೆ.

ಇದನ್ನು ಗಾಯಕರ ದೋಷವೆನ್ನಲಾಗದು. ಭಜನೆಯಲ್ಲೂ ತಾಳ ತಾಳವೇ. ಪದವನ್ನು ಒಮ್ಮೆ ರಾಗವಿಲ್ಲದೆ, ಕೊನೆಯ ಸಾಲಿನಿಂದ ಮೇಲಕ್ಕೆ ಓದಿ, ಅನಂತರ ಅಶ್ವತ್ಥರನ್ನು ಕೇಳಬೇಕು.