ಬೇಡವೆಂದ ಮನೆಗಳು ಯಾರ ಖಾತೆಗೆ?



ಈ ವರ್ಷ ನಮ್ಮ ಅರ್ಥಶಾಸ್ತ್ರದ ಮೇಡಂ ವಾಣಿಜ್ಯ ವಿಭಾಗದವರಿಗೆ ಒಂದು ಪ್ರಾಜೆಕ್ಟ್ ಕೊಟ್ಟರು. ಸರ್ಕಾರ ಒಂದು ದೊಡ್ಡ ಗುರಿ ಹಾಕಿಕೊಂಡರೆ ಅದನ್ನು ಊರೂರಿಗೆ ಹೇಗೆ ಹಂಚುತ್ತದೆ? ಹಂಚಿಕೆ ಒಪ್ಪದವರು ಏನು ಮಾಡುತ್ತಾರೆ? ಒಬ್ಬೊಬ್ಬರು ಒಂದೊಂದು ಉದಾಹರಣೆ ತರಬೇಕಿತ್ತು. ನಾನು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮನೆಗಳ ಗುರಿಯನ್ನು ಆರಿಸಿಕೊಂಡೆ. ಕಾರಣ, ನನ್ನ ಖಾಲಾ ಅವರ ಮಗ ಅಲ್ಲಿನ ಫ್ರೀಮಾಂಟ್ ನಗರದಲ್ಲಿ ಬಾಡಿಗೆಗೆ ಇದ್ದಾರೆ. ಭಾಯಿಜಾನ್ ವಿಡಿಯೋ ಕಾಲ್ ಮಾಡಿದಾಗಲೆಲ್ಲ ಅಮ್ಮಿ ಊಟದ ವಿಷಯ ಕೇಳುತ್ತಾರೆ, ಅವರು ಬಾಡಿಗೆಯ ವಿಷಯ ಹೇಳುತ್ತಾರೆ. ಅಷ್ಟು ಶ್ರೀಮಂತ ರಾಜ್ಯದಲ್ಲಿ ಮನೆ ಏಕೆ ಸಾಲುವುದಿಲ್ಲ ಎಂದು ಹುಡುಕುತ್ತ ಹೋದಾಗ ಸಿಕ್ಕ ವಿಷಯವೇ ಈ ಲೇಖನ.

ಗುರಿ ಎಲ್ಲಿಂದ ಬರುತ್ತದೆ?

ಪ್ರತಿ ನಗರವೂ ತನ್ನಲ್ಲಿ ಮನೆಗಳಿಗೆ ಜಾಗ ಗುರುತಿಸಿ ಯೋಜನೆ ಮಾಡಬೇಕು ಎಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 1969ರಿಂದ ಇದೆ. ಈಗ ಸಾಮಾನ್ಯವಾಗಿ 8 ವರ್ಷಕ್ಕೊಂದು ಸುತ್ತು ನಡೆಯುತ್ತದೆ. ಮೊದಲು ರಾಜ್ಯದ ವಸತಿ ಮತ್ತು ಸಮುದಾಯ ಅಭಿವೃದ್ಧಿ ಇಲಾಖೆ ಒಂದು ಇಡೀ ಪ್ರದೇಶಕ್ಕೆ ಎಷ್ಟು ಮನೆ ಬೇಕೆಂದು ಲೆಕ್ಕ ಹಾಕುತ್ತದೆ. ಆಮೇಲೆ ಆ ಪ್ರದೇಶದ ನಗರಗಳೂ ಕೌಂಟಿಗಳೂ ಸೇರಿ ಮಾಡಿಕೊಂಡ ಒಕ್ಕೂಟ ಅದನ್ನು ಪ್ರತಿಯೊಂದು ಊರಿಗೆ ಹಂಚುತ್ತದೆ. ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ ಎಂದುಕೊಳ್ಳಿ.

6ನೇ ಸುತ್ತಿನ ಎರಡು ದೊಡ್ಡ ಲೆಕ್ಕ ನೋಡಿ. ಲಾಸ್ ಏಂಜಲೀಸ್ ಸೇರಿದಂತೆ 6 ಕೌಂಟಿಗಳ ದಕ್ಷಿಣ ಪ್ರದೇಶಕ್ಕೆ 2021ರಿಂದ 2029ರವರೆಗೆ 13,41,827 ಮನೆ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ 9 ಕೌಂಟಿಗಳ ಬೇ ಏರಿಯಾಕ್ಕೆ 2023ರಿಂದ 2031ರವರೆಗೆ 4,41,176 ಮನೆ. ಇದರಲ್ಲಿ ಭಾಯಿಜಾನ್ ಇರುವ ಫ್ರೀಮಾಂಟ್‌ನ ಪಾಲು 12,897. ಪ್ರತಿ ಊರಿನ ಪಾಲನ್ನು ಅತಿ ಕಡಿಮೆ, ಕಡಿಮೆ, ಮಧ್ಯಮ ಮತ್ತು ಅದಕ್ಕೂ ಮೇಲಿನ ಆದಾಯದವರು ಎಂದು ನಾಲ್ಕು ವರ್ಗಕ್ಕೆ ಬೇರೆ ಬೇರೆ ತೋರಿಸಿದ್ದರು.

ಇಲ್ಲಿ ನಾನೂ ಮೊದಲು ತಪ್ಪು ತಿಳಿದಿದ್ದೆ. ಈ ಮನೆಗಳನ್ನು ನಗರಸಭೆಯೇ ಕಟ್ಟಿಸಬೇಕಿಲ್ಲ. ಅಷ್ಟು ಮನೆ ಕಟ್ಟಲು ಕಾನೂನಿನಲ್ಲಿ ಅವಕಾಶವಿರುವ ಜಾಗ ತೋರಿಸಬೇಕು, ಬೇಕಾದರೆ ವಲಯದ ನಿಯಮ ಬದಲಿಸಬೇಕು. ಕಟ್ಟುವವರು ಹೆಚ್ಚಾಗಿ ಖಾಸಗಿಯವರು. ಆದರೂ ಜಗಳ ಜೋರು. ಒಂಟಿ ಮನೆಗಳಷ್ಟೇ ಇರುವ ಬೀದಿಯಲ್ಲಿ ಅಪಾರ್ಟ್‌ಮೆಂಟ್‌ಗೆ ಅನುಮತಿ ಕೊಡುವುದು ಅನೇಕರಿಗೆ ಇಷ್ಟವಿಲ್ಲ.

ಮೇಲ್ಮನವಿಯ ದಾರಿ

ಆ ಸುತ್ತಿನ ನಿಯಮ ಹೀಗಿತ್ತು. ಕರಡು ಹಂಚಿಕೆ ಕೈಸೇರಿದ ಮೇಲೆ ನಗರಗಳಿಗೆ ಮೇಲ್ಮನವಿ ಸಲ್ಲಿಸಲು 45 ದಿನ. ತನ್ನ ಪಾಲಿನ ಬಗ್ಗೆ ಮಾತ್ರವಲ್ಲ, ಪಕ್ಕದ ಊರಿನ ಪಾಲಿನ ಬಗ್ಗೆಯೂ ಸಲ್ಲಿಸಬಹುದು. ಒಕ್ಕೂಟ ಎಲ್ಲ ಮನವಿಗಳನ್ನೂ ಜನ ನೋಡುವಂತೆ ಪ್ರಕಟಿಸಬೇಕು. ಅಭಿಪ್ರಾಯ ಹೇಳಲು ಇನ್ನೂ 45 ದಿನ. ಅನಂತರ ಬಹಿರಂಗ ವಿಚಾರಣೆ. ಸಾಮಾನ್ಯ ನಾಗರಿಕರು ಸ್ವತಃ ಮೇಲ್ಮನವಿ ಹಾಕುವಂತಿಲ್ಲ. ಆದರೆ ಪತ್ರ ಬರೆಯಬಹುದು, ವಿಚಾರಣೆಯಲ್ಲಿ ಕೆಲವು ನಿಮಿಷ ಮಾತನಾಡಬಹುದು.

ಈ ವಿಚಾರಣೆಗೆ ಇಷ್ಟು ಮಹತ್ವ ಏಕೆಂದರೆ, ಇದರ ಆಚೆ ಬಾಗಿಲಿಲ್ಲ. ಹಿಂದಿನ ಒಂದು ಸುತ್ತಿನಲ್ಲಿ ಅರ್ವೈನ್ ನಗರ ತನ್ನ ಪಾಲು ಹೆಚ್ಚಾಯಿತೆಂದು ನ್ಯಾಯಾಲಯಕ್ಕೆ ಹೋಗಿತ್ತು. ಹಂಚಿಕೆಯ ಸಂಖ್ಯೆಯನ್ನು ನ್ಯಾಯಾಲಯ ಮರುಪರಿಶೀಲಿಸುವುದಿಲ್ಲ ಎಂದು 2009ರಲ್ಲಿ ತೀರ್ಪು ಬಂತು.

ಮನವಿಗೆ ಮುಖ್ಯವಾಗಿ ಮೂರು ಆಧಾರಗಳಿವೆ: ಊರು ಕೊಟ್ಟ ಮಾಹಿತಿಯನ್ನು ಒಕ್ಕೂಟ ಸರಿಯಾಗಿ ಪರಿಗಣಿಸಲಿಲ್ಲ, ಒಪ್ಪಿದ ಸೂತ್ರದಂತೆ ಹಂಚಲಿಲ್ಲ, ಪರಿಸ್ಥಿತಿ ಅನಿರೀಕ್ಷಿತವಾಗಿ, ದೊಡ್ಡ ಮಟ್ಟದಲ್ಲಿ ಬದಲಾಯಿತು. ಯಾವ ಕಾರಣ ನಡೆಯುವುದಿಲ್ಲ ಎಂಬುದನ್ನೂ ಕಾನೂನು ಹೇಳುತ್ತದೆ. ‘ಮನೆ ಪರವಾನಗಿಗೆ ಮಿತಿ ಹಾಕುವ ನಿಯಮ ನಮ್ಮೂರಲ್ಲಿದೆ’, ‘ಹಿಂದೆಯೂ ನಾವು ಕಡಿಮೆ ಕಟ್ಟಿದ್ದೇವೆ’, ‘ನಮ್ಮ ಜನಸಂಖ್ಯೆ ಏರಿಲ್ಲ’ ಎಂದು ಹೇಳಿ ಪಾಲು ಇಳಿಸಿಕೊಳ್ಳುವಂತಿಲ್ಲ. ಮನೆ ಕಟ್ಟಲು ಬಿಡದಿದ್ದರೆ ಜನಸಂಖ್ಯೆ ಏರುವುದಾದರೂ ಹೇಗೆ?

ಯಾವ ಮಾತು ನಿಂತಿತು?

ದಕ್ಷಿಣ ಪ್ರದೇಶದಲ್ಲಿ 52 ಮೇಲ್ಮನವಿ ಬಂದವು. ಕೊರೊನಾ ಕಾಲವಾದ್ದರಿಂದ 2021ರ ಜನವರಿಯಲ್ಲಿ ವಿಚಾರಣೆ ಆನ್‌ಲೈನ್‌ನಲ್ಲಿ ನಡೆಯಿತು. ಇಂಥ ವಿಚಾರಣೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತುಗಳು ಟ್ರಾಫಿಕ್, ಪಾರ್ಕಿಂಗ್, ನೀರಿನ ಕೊರತೆ, ಕಾಡ್ಗಿಚ್ಚಿನ ಭಯ, ಜಾಗವಿಲ್ಲ ಎಂಬ ದೂರು. ಕೊನೆಗೆ ಭಾಗಶಃ ಒಪ್ಪಿಗೆಯಾದದ್ದು ಎರಡೇ ಮನವಿ. ರಿವರ್‌ಸೈಡ್ ಕೌಂಟಿಗೆ 215 ಮನೆ ಇಳಿಯಿತು. ಪೀಕೊ ರಿವೇರಾ ಎಂಬ ಸಣ್ಣ ನಗರಕ್ಕೆ 3,939ರಲ್ಲಿ 2,917 ಇಳಿಯಿತು. ಆ ನಗರ ವಿಟಿಯರ್ ನ್ಯಾರೋಸ್ ಎಂಬ ಅಣೆಕಟ್ಟಿನ ಕೆಳಗಿದೆ. ಪ್ರವಾಹದ ಅಪಾಯವಿರುವ ನೆಲದಲ್ಲಿ ಸಾವಿರಾರು ಮನೆ ಹೇಗೆ ಯೋಜಿಸುವುದು ಎಂದು ಅದು ದಾಖಲೆ ಇಟ್ಟು ಕೇಳಿತು.

ಬೇ ಏರಿಯಾದಲ್ಲಿ ಬಂದದ್ದು 28 ಮನವಿ. ಭಾಗಶಃ ಒಪ್ಪಿಗೆಯಾದದ್ದು ಕಾಂಟ್ರಾ ಕೋಸ್ಟಾ ಕೌಂಟಿಯದು ಮಾತ್ರ. ಅಲ್ಲಿಂದ 35 ಮನೆ ತೆಗೆದು ಪಿಟ್ಸ್‌ಬರ್ಗ್ ನಗರದ ಪಾಲಿಗೆ ಸೇರಿಸಿದರು.

ಇಲ್ಲಿಗೆ ಬಂದಾಗ ನನಗೆ ನಮ್ಮ ಲೆಕ್ಕಶಾಸ್ತ್ರದ ಮೊದಲ ಪಾಠ ನೆನಪಾಯಿತು. ಪ್ರತಿ ಡೆಬಿಟ್‌ಗೂ ಒಂದು ಕ್ರೆಡಿಟ್ ಇರಲೇಬೇಕು. ಪ್ರದೇಶದ ಒಟ್ಟು ಸಂಖ್ಯೆಯನ್ನು ಮೇಲ್ಮನವಿಯಲ್ಲಿ ಇಳಿಸಲು ಬರುವುದಿಲ್ಲ. ಒಂದು ಊರಿಗೆ ಇಳಿದದ್ದು ಉಳಿದ ಊರುಗಳಿಗೆ ಏರಲೇಬೇಕು. ದಕ್ಷಿಣದಲ್ಲಿ ಇಳಿದ 2,917 ಮತ್ತು 215 ಸೇರಿ 3,132 ಮನೆ ಬೇರೆಯವರ ಪಾಲಿಗೆ ಹಂಚಿಹೋದವು. ಪೀಕೊ ರಿವೇರಾದ ಕೊನೆಯ ಸಂಖ್ಯೆಯೂ 1,022 ಅಲ್ಲ, 1,024. ಮರುಹಂಚಿಕೆಯಲ್ಲಿ 2 ಮನೆ ಅದಕ್ಕೂ ಬಂದವು!

ಒಟ್ಟು ಸಂಖ್ಯೆಯೇ ಸರಿಯೇ ಎಂಬ ಪ್ರಶ್ನೆಯೂ ಇದೆ. ದಕ್ಷಿಣದ ಒಕ್ಕೂಟವೇ 2019ರಲ್ಲಿ ರಾಜ್ಯದ ಲೆಕ್ಕಕ್ಕೆ ಆಕ್ಷೇಪಣೆ ಸಲ್ಲಿಸಿತ್ತು. ರಾಜ್ಯದ ಲೆಕ್ಕಪರಿಶೋಧಕರು 2022ರಲ್ಲಿ ಇಲಾಖೆಯ ಲೆಕ್ಕ ಹಾಕುವ ಕ್ರಮದಲ್ಲಿ ದೋಷಗಳನ್ನು ತೋರಿಸಿದರು. ಸಂಖ್ಯೆಯನ್ನು ಪ್ರಶ್ನಿಸುವುದು ತಪ್ಪಲ್ಲ. ಆದರೆ ಅದನ್ನು ಕೇಳಬೇಕಾದ ಜಾಗ ಮತ್ತು ಸಮಯ ಬೇರೆ.

ಸಭೆಯಲ್ಲಿ ಇಲ್ಲದವರು

ಆರಂಭದಲ್ಲಿ ನನ್ನ ಪ್ರಾಜೆಕ್ಟ್‌ನಲ್ಲಿ ‘ಊರಿನ ವಿಷಯವನ್ನು ಊರಿನವರೇ ನಿರ್ಧರಿಸಬೇಕು’ ಎಂದು ಬರೆದಿದ್ದೆ. ಬಳಿಕ ಆ ಸಾಲು ಹೊಡೆದುಹಾಕಿದೆ. ಅದಕ್ಕೆ ಕಾರಣ ಕ್ಯಾಲಿಫೋರ್ನಿಯಾದ್ದಲ್ಲ, ನಮ್ಮ ಮನೆಯದು.

ನಾವು ಬಾಡಿಗೆ ಮನೆಯವರು. ಹೋದ ವರ್ಷ ಮನೆ ಬದಲಿಸಬೇಕಾಯಿತು. ಒಂದು ಬೀದಿಯಲ್ಲಿ ಮನೆ ಖಾಲಿ ಇತ್ತು, ಕಾಲೇಜಿಗೂ ಹತ್ತಿರ. ಅಬ್ಬಾ ಫೋನ್ ಮಾಡಿದಾಗ ಮಾಲೀಕರು ‘ಬಂದು ನೋಡಿ’ ಎಂದರು. ಹೆಸರು ಕೇಳಿದ ಮೇಲೆ ‘ಅಕ್ಕಪಕ್ಕದವರನ್ನು ಕೇಳಿ ಹೇಳುತ್ತೇವೆ’ ಎಂದರು. ಆಮೇಲೆ ಅವರ ಫೋನ್ ಬರಲಿಲ್ಲ. ನಮ್ಮ ಮನೆಯಲ್ಲಿ ಎಲ್ಲ ದೊಡ್ಡ ವಿಷಯಕ್ಕೂ ಮಶ್ವರಾ ನಡೆಯುತ್ತದೆ, ನನ್ನಂಥ ಚಿಕ್ಕವರನ್ನೂ ಕೇಳುತ್ತಾರೆ. ಆ ಬೀದಿಯ ಮಶ್ವರಾದಲ್ಲಿ ಮಾತ್ರ ನಾವಿರಲಿಲ್ಲ. ಇರುವಂತೆಯೂ ಇರಲಿಲ್ಲ, ಏಕೆಂದರೆ ನಾವು ಇನ್ನೂ ಆ ಬೀದಿಯವರಾಗಿರಲಿಲ್ಲ.

ಮೇಲ್ಮನವಿಯ ವಿಚಾರಣೆಯಲ್ಲೂ ಇದೇ ತೊಡಕು. ಮಾತನಾಡಲು ಬರುವವರು ಈಗಾಗಲೇ ಅಲ್ಲಿ ಮನೆ ಇರುವವರು. ಅವರ ಚಿಂತೆ ಸುಳ್ಳಲ್ಲ. ಆದರೆ ಮುಂದೆ ಕಟ್ಟಬಹುದಾದ ಮನೆಯಲ್ಲಿ ವಾಸಿಸಲಿರುವವರು ಇಂದು ಬೇರೆ ಊರಲ್ಲಿದ್ದಾರೆ. ದಿನಕ್ಕೆ ಎರಡು ಮೂರು ಗಂಟೆ ಪ್ರಯಾಣ ಮಾಡಿ ಆ ಊರಿಗೆ ಕೆಲಸಕ್ಕೆ ಬರುವವರೂ ಅವರಲ್ಲಿರಬಹುದು. ಅವರ ಹೆಸರು ಯಾರಿಗೂ ತಿಳಿಯದು, ಅವರ ಪತ್ರ ಬರುವುದಿಲ್ಲ. ಅವರ ಪರವಾಗಿ ಆ ಸಭೆಯಲ್ಲಿ ಇರುವುದು ಆ ಸಂಖ್ಯೆ ಒಂದೇ. ಎಷ್ಟು ಜನ ವಿರೋಧಿಸಿದರು ಎಂದು ಎಣಿಸದೆ, ಯಾವ ದಾಖಲೆ ಇಟ್ಟರು ಎಂದು ಕಾನೂನು ಕೇಳುವುದರಲ್ಲಿ ಅರ್ಥವಿದೆ ಎಂದು ನನಗೆ ಅನಿಸಿದ್ದು ಇದಕ್ಕೆ.

ಹಾಗೆಂದು ಊರಿನವರ ಮಾತು ಬೇಡವೆಂದಲ್ಲ. ಅಣೆಕಟ್ಟಿನ ಕೆಳಗಿನ ನೆಲದ ಸಂಗತಿಯನ್ನು ಒಕ್ಕೂಟದ ಸೂತ್ರ ಸರಿಯಾಗಿ ಹಿಡಿದಿರಲಿಲ್ಲ. ಅದನ್ನು ಹೇಳಲು ಆ ಊರೇ ಬರಬೇಕಾಯಿತು.

ನಾವು ಕಲಿಯಬಹುದಾದದ್ದು

1. ನಮ್ಮ ರಾಜ್ಯದಲ್ಲೂ ನಗರಗಳ ಮಾಸ್ಟರ್ ಪ್ಲಾನ್ ಕರಡು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ, ಸಲಹೆ ಕೇಳುತ್ತಾರೆ. ಪತ್ರಿಕೆಯಲ್ಲಿ ಅಂಥ ಪ್ರಕಟಣೆ ಕಂಡರೆ ಪುಟ ತಿರುಗಿಸಬೇಡಿ. ಕೊನೆಯ ದಿನಾಂಕ ಗುರುತು ಹಾಕಿಕೊಳ್ಳಿ.

2. ಅಭಿಪ್ರಾಯ ಬರೆಯುವಾಗ ‘ನಮಗೆ ಇಷ್ಟವಿಲ್ಲ’ ಎನ್ನುವುದು ಸಾಲದು. ಯಾವ ಜಾಗ, ಯಾವ ಸಂಖ್ಯೆ, ಯಾವ ನಿಯಮ ಎಂದು ಬರೆಯಬೇಕು.

3. ನಾವು ಬೇಡವೆಂದದ್ದು ಯಾರ ಖಾತೆಗೆ ಹೋಗುತ್ತದೆ ಎಂದು ಒಮ್ಮೆ ನೋಡಬೇಕು. ಅವರು ಸಭೆಯಲ್ಲಿ ಇಲ್ಲದಿದ್ದರೆ ಇನ್ನೂ ಹೆಚ್ಚು ನೋಡಬೇಕು.

ಅಂದಹಾಗೆ, ನಮಗೆ ಕೊನೆಗೆ ಮನೆ ಸಿಕ್ಕಿತು. ಕಾಲೇಜಿಗೆ ಎರಡು ಬಸ್ ಬದಲಿಸಬೇಕು, ಅಷ್ಟೇ. ಈ ಲೇಖನದ ಅರ್ಧ ಬಸ್ಸಿನಲ್ಲೇ ಬರೆದದ್ದು. ಲೆಕ್ಕದಲ್ಲಾಗಲಿ ಕನ್ನಡದಲ್ಲಾಗಲಿ ತಪ್ಪಿದ್ದರೆ ಉಪನ್ಯಾಸಕರು ತಿದ್ದಬೇಕೆಂದು ಕೋರುತ್ತೇನೆ.